ಒಲೆಗೆ ಕೊಟ್ಟ ದೋಣಿ

"ಗುರುಗಳೇ, ಮತ್ಸರ ಹೋಯಿತೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಯಾರ ಮತ್ಸರ?"

"ನನ್ನದೇ. ನನ್ನ ಜೊತೆಗೇ ಮಠಕ್ಕೆ ಬಂದ ಮಹಾಂತನಿಗೆ ನೀವು ಪಾಠ ಹೇಳುವ ಕೆಲಸ ಕೊಟ್ಟಿರಿ. ಮೊದಮೊದಲು ಅವನ ತಪ್ಪುಗಳನ್ನು ನಾಲ್ಕು ಜನರ ಮುಂದೆ ಎತ್ತಿ ಆಡುತ್ತಿದ್ದೆ. ಈಗ ಒಂದು ತಿಂಗಳಿಂದ ಅವನ ಬಗ್ಗೆ ತುಟಿ ಬಿಚ್ಚಿಲ್ಲ. ಮತ್ಸರ ಹೋದ ಹಾಗೆಯೇ ಅಲ್ಲವೇ?"

ಗುರುಗಳು ಅದಕ್ಕೆ ಒಂದು ಕತೆ ಹೇಳಿದರು.

ಕಡಲ ದಡದ ಒಂದು ಊರಿನಲ್ಲಿ ಇಬ್ಬರು ಮೀನುಗಾರರು ಅಕ್ಕಪಕ್ಕದ ಮನೆಯಲ್ಲಿದ್ದರು. ಹೆಸರು ಕಟ್ಟಿಕೊಂಡು ನಮಗೇನಾಗಬೇಕು? ಒಬ್ಬನನ್ನು ಹಿರಿಯ ಎನ್ನೋಣ, ಇನ್ನೊಬ್ಬನನ್ನು ಕಿರಿಯ ಎನ್ನೋಣ. ಹಿರಿಯ ನಲವತ್ತು ವರ್ಷ ಕಡಲಿಗೆ ಹೋದವನು. ಮರದ ಮೇಲೆ ಕೈಯಾಡಿಸಿ ಅದು ಇನ್ನೆಷ್ಟು ವರ್ಷ ಬಾಳುತ್ತದೆಂದು ಹೇಳಬಲ್ಲವನು. ಕಿರಿಯ ಕಂಡವರ ದೋಣಿಯಲ್ಲಿ ಕೂಲಿಗೆ ಹೋಗುತ್ತಿದ್ದ. ಸ್ವಂತ ದೋಣಿ ಎಂಬುದು ಅವನ ಮನೆಯಲ್ಲಿ ಅಜ್ಜನ ಕಾಲದಿಂದಲೂ ಇರಲಿಲ್ಲ.

ಹಿರಿಯ ಹೊಸ ಫೈಬರ್ ದೋಣಿ ಕೊಂಡ. ಹಳೆಯ ಮರದ ದೋಣಿಯನ್ನು ದಡದಲ್ಲಿ ಬೋರಲು ಹಾಕಿದ. ಎರಡು ವರ್ಷ ಅದು ಹಾಗೆಯೇ ಬಿದ್ದಿತ್ತು. ಅದರ ಕೆಳಗೆ ಕೋಳಿಗಳು ಮೊಟ್ಟೆಯಿಡತೊಡಗಿದವು. ಒಂದು ದಿನ ಕಿರಿಯ ಬಂದು, ಆ ದೋಣಿ ನನಗೆ ಕೊಡುತ್ತೀರಾ ಎಂದು ಕೇಳಿದ. ಹಿರಿಯ ನಕ್ಕ.

"ತಕೊಂಡ್ ಹೋಗ್ ಮಾರಾಯ. ಒಲೆಗಾದ್ರೂ ಆತ್ತ್."

ಕಿರಿಯ ಅದನ್ನು ಒಲೆಗೆ ಹಾಕಲಿಲ್ಲ.

ಮಳೆಗಾಲ ಬಂತು. ದೋಣಿಗಳೆಲ್ಲ ದಡ ಹತ್ತಿದವು. ಕಿರಿಯ ತೆಂಗಿನ ಮಡಲಿನ ಒಂದು ಚಪ್ಪರ ಕಟ್ಟಿ, ಹಳೆಯ ದೋಣಿಯನ್ನು ಅದರಡಿಗೆ ಎಳೆದುಕೊಂಡ. ಮೇಲಿನ ಪಾಚಿ, ಚಿಪ್ಪು, ಹಳೆಯ ಬಣ್ಣ ಎಲ್ಲವನ್ನೂ ಕೆರೆದ. ಕೊಡತಿಯಿಂದ ಒಂದೊಂದೇ ಹಲಗೆಯನ್ನು ತಟ್ಟಿ ಸದ್ದು ಕೇಳಿದ. ಗಟ್ಟಿ ಸದ್ದು ಬಂದದ್ದನ್ನು ಉಳಿಸಿದ, ಟೊಳ್ಳು ಸದ್ದು ಬಂದದ್ದನ್ನು ಕಿತ್ತ. ಕಿತ್ತಲ್ಲಿ ಹಲಸಿನ ಹಲಗೆ ಕೂರಿಸಿದ. ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿದ. ಬಂದರಿನಲ್ಲಿ ಯಾರೋ ಬಿಸಾಡಿದ್ದ ಒಂದು ಸಣ್ಣ ಇಂಜಿನ್ ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ. ನೀರು ತುಂಬಿದ ಪೀಪಾಯಿಯೊಳಗೆ ಅದರ ರೆಕ್ಕೆಯನ್ನು ಇಳಿಬಿಟ್ಟು ಓಡಿಸಿ ನೋಡಿದ. ಇಂಜಿನ್ ಕೆಮ್ಮಿ ನಿಂತಿತು. ಮರುದಿನವೂ ಕೆಮ್ಮಿತು. ಐದನೆಯ ದಿನ ಓಡಿತು.

ಹಿರಿಯ ಆಗ ಊಟಕ್ಕೆ ಕೂತಿದ್ದ. ಆ ಸದ್ದು ಕೇಳಿ ಅರ್ಧಕ್ಕೇ ಕೈ ತೊಳೆದು ಎದ್ದ.

ದಡದ ಜನಕ್ಕೆ ಮಳೆಗಾಲದಲ್ಲಿ ಬೇರೇನು ಕೆಲಸ? ಎಲ್ಲರೂ ಚಪ್ಪರದಡಿ ಸೇರತೊಡಗಿದರು. ಹಿರಿಯನ ಫೈಬರ್ ದೋಣಿಯನ್ನು ಕಣ್ಣೆತ್ತಿ ನೋಡಿದವರಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಹಿರಿಯನ ಹೊಟ್ಟೆ ಧಗಧಗ ಉರಿಯಿತು. ಕಿರಿಯ ಹಳೆಯ ದೋಣಿಯನ್ನು ಕಸಿದುಕೊಂಡಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ಇಲ್ಲಿ ಕೊಟ್ಟದ್ದು ತನ್ನ ಕೈಯೇ. ತಾನು ಬೇಡವೆಂದು ಎಸೆದದ್ದು ಇನ್ನೊಬ್ಬನ ಅಂಗಳದಲ್ಲಿ ಚೆಂದ ಕಾಣುವುದಿದೆಯಲ್ಲ, ಆ ಉರಿಗೆ ಯಾವ ವೈದ್ಯನಲ್ಲೂ ಮದ್ದಿಲ್ಲ.

ಅವನೂ ದಿನಾ ಚಪ್ಪರಕ್ಕೆ ಹೋಗತೊಡಗಿದ. ಹೋದದ್ದು ತಪ್ಪು ಹುಡುಕಲು. ಜನ ತುಂಬಿರುವಾಗಲೇ ಬಾಯಿ ಬಿಡುತ್ತಿದ್ದ. ಉಪ್ಪುನೀರಿಗೆ ಇಳಿಯುವ ದೋಣಿಗೆ ಕಬ್ಬಿಣದ ಮೊಳೆ ಹೊಡೆದ ಜಾಣನನ್ನು ಇವತ್ತೇ ಕಂಡೆ ಎಂದ. ಜನ ನಕ್ಕರು. ವಾರದೊಳಗೆ ಮೊಳೆಗಳೆಲ್ಲ ತಾಮ್ರದವಾದವು. ಮಳೆ ಬಿಟ್ಟು ಹೊಳವಾದ ಒಂದು ಮಧ್ಯಾಹ್ನ ದೋಣಿಯನ್ನು ಹೊರಗೆ ಬಿಸಿಲಿಗೆ ಬೋರಲು ಹಾಕಿದ್ದರು. ಅದರ ಕೆಳಗೆ ಮಲಗಿ ನೋಡು, ಜರಡಿಯ ಹಾಗೆ ಕಾಣುತ್ತದೆ ಎಂದ ಹಿರಿಯ. ಕಿರಿಯ ನಿಜಕ್ಕೂ ಕೆಳಗೆ ನುಸುಳಿ ಅಂಗಾತ ಮಲಗಿದ. ಬೆಳಕು ಕಂಡ ಕಡೆಯಲ್ಲೆಲ್ಲ ಇದ್ದಿಲಿನಿಂದ ಗುರುತು ಹಾಕಿದ. ಸಂಜೆಯೊಳಗೆ ಅಷ್ಟೂ ಸಂದು ಮುಚ್ಚಿದವು. ಇಂಜಿನ್ನಿನ ಸೀಮೆಎಣ್ಣೆಯ ಪೈಪು ಗಡುಸಾಗಿದೆ, ನಡುಗಡಲಿನಲ್ಲಿ ಕೈ ಕೊಡುತ್ತದೆ ಎಂದ. ಪೈಪು ಬದಲಾಯಿತು.

"ನಿಮ್ಮ್ ಕಣ್ಣ್ ನಂಗಿಲ್ಲೆ ಅಣ್ಣ," ಎಂದು ಕಿರಿಯ ಪ್ರತಿ ಸಲವೂ ಕೈಮುಗಿಯುತ್ತಿದ್ದ.

ಅವನು ಅದನ್ನು ಮನಸ್ಸಿನಿಂದಲೇ ಹೇಳುತ್ತಿದ್ದ. ಹಿರಿಯನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಒಂದು ದಿನ ಅವನಿಗೆ ಹೊಳೆಯಿತು. ನಾನು ಬಾಯಿ ಬಿಟ್ಟಷ್ಟೂ ಅವನ ದೋಣಿ ಗಟ್ಟಿಯಾಗುತ್ತಿದೆ. ನನ್ನ ಹೊಟ್ಟೆಕಿಚ್ಚು ಅವನಿಗೆ ಬಿಟ್ಟಿ ಬಡಗಿಯಾಗಿ ದುಡಿಯುತ್ತಿದೆ.

ಬಣ್ಣ ಬಳಿಯುವ ಹಿಂದಿನ ದಿನ ಹಿರಿಯ ಮತ್ತೆ ಹೋದ. ಇಂಜಿನ್ ಕೂರಿಸುವುದು ದೋಣಿಯ ಹಿಂತುದಿಯ ಅಡ್ಡಹಲಗೆಗೆ. ಅದರ ಮೇಲೆ ಕೈಯಾಡಿಸಿದ. ಉಗುರಿಗೆ ಏನೋ ತಡೆಯಿತು. ಮರದ ಗಂಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಕೊಡತಿಯ ಪೆಟ್ಟಿಗೆ ಹಲಗೆ ಗಟ್ಟಿ ಸದ್ದನ್ನೇ ಕೊಟ್ಟಿತ್ತು, ಹಾಗಾಗಿ ಕಿರಿಯನಿಗೆ ಅದು ತಿಳಿದಿರಲಿಲ್ಲ. ಹಿರಿಯನಿಗೆ ತಿಳಿಯಿತು. ಹುಟ್ಟು ಹಾಕುವ ದೋಣಿಗೆ ಅಂಥ ಬಿರುಕು ಏನೂ ಮಾಡದು. ಇಂಜಿನ್ ಹೊತ್ತ ದೋಣಿಯ ಮಾತು ಬೇರೆ. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ, ತೆರೆಗೆ ಎದುರಾಗಿ ಇಂಜಿನ್ ಜೋರು ಮಾಡಿದಾಗ, ಹಲಗೆ ಎರಡಾಗುತ್ತದೆ. ಇಂಜಿನ್ ಕಳಚಿ ಬೀಳುತ್ತದೆ, ನೀರು ಒಳಗೆ ನುಗ್ಗುತ್ತದೆ. ಅಳಿವೆಯ ಸೆಳೆತದಲ್ಲಿ ಈಜು ಬಲ್ಲವನೂ ಉಳಿಯುವುದು ಕಷ್ಟ.

ಹಿರಿಯ ಕೈ ಹಿಂದೆಗೆದ. ಸುತ್ತ ನೋಡಿದ. ಏನೂ ಹೇಳದೆ ಮನೆಗೆ ಹೋದ. ಮರುದಿನ ಬಿರುಕಿನ ಮೇಲೆ ಹಸಿರು ಬಣ್ಣ ಬಿತ್ತು.

ಅಲ್ಲಿಂದ ಮುಂದೆ ಅವನು ಚಪ್ಪರದ ಕಡೆ ಸುಳಿಯಲಿಲ್ಲ. ಯಾರಾದರೂ ಕೇಳಿದರೆ, ಒಳ್ಳೆಯ ದೋಣಿ ಎನ್ನುತ್ತಿದ್ದ. ಅವನ ಹೊಟ್ಟೆಕಿಚ್ಚು ಇಳಿಯಿತು ಎಂದರು ಊರವರು. ಹೆಂಡತಿ ಸಂತೋಷಪಟ್ಟು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಬಿರುಕು ನಾನು ಮಾಡಿದ್ದಲ್ಲ, ಅವನ ದೋಣಿಯನ್ನು ಅವನೇ ನೋಡಿಕೊಳ್ಳಬೇಕು ಎಂದು ಹಿರಿಯ ತನಗೆ ತಾನೇ ಹೇಳಿಕೊಂಡ. ಮಾತು ಕೇಳಲು ನ್ಯಾಯವಾಗಿಯೇ ಇದೆ. ಇಂಥ ನ್ಯಾಯದ ಮಾತು ಹುಡುಕಿಕೊಡಲು ಮತ್ಸರಕ್ಕೆ ವಕೀಲ ಬೇಕಿಲ್ಲ.

ಮಳೆ ಕಡಿಮೆಯಾಯಿತು. ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುವ ಹುಣ್ಣಿಮೆ ಬಂತು. ಆ ದಡದಲ್ಲಿ ಒಂದು ಪದ್ಧತಿಯಿತ್ತು. ದೋಣಿ ಮೊದಲ ಸಲ ಅಳಿವೆ ದಾಟುವಾಗ ಅದನ್ನು ಕಟ್ಟಿದ ಬಡಗಿ ಅದರ ಮುಂತುದಿಯಲ್ಲಿ ಕೂರಬೇಕು. ತನ್ನ ಕೆಲಸದ ಮೇಲೆ ತನಗೇ ನಂಬಿಕೆಯಿದೆ ಎಂದು ಅವನು ಊರಿಗೆ ತೋರಿಸಬೇಕು. ನಿನ್ನ ಬಡಗಿ ಯಾರು ಎಂದು ಜನ ಕಿರಿಯನನ್ನು ಕೇಳಿದರು. ಅವನು ನೇರವಾಗಿ ಹಿರಿಯನ ಬಳಿಗೆ ಬಂದ.

"ನನ್ ದೋಣಿಗೆ ಬಡಗಿ ಅಂದ್ರೆ ನೀವೇ ಅಣ್ಣ. ಹತ್ತಿ ಕೂಕಣಿ."

ಹಿರಿಯನಿಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮೊಣಕಾಲು ನೋವು ಎಂದ. ಇಬ್ಬರು ಅವನನ್ನು ಎತ್ತಿ ದೋಣಿಯಲ್ಲಿ ಕೂರಿಸಿದರು. ನನ್ನ ದೋಣಿ ಇಳಿಸಬೇಕು ಎಂದ. ಅದನ್ನು ನಾವು ಇಳಿಸುತ್ತೇವೆ ಎಂದರು. ಎಲ್ಲರೂ ಸೇರಿ ದೋಣಿಯನ್ನು ನೀರಿಗೆ ನೂಕಿದರು. ಮುಂದೆ ಹಿರಿಯ, ಕಡಲಿಗೆ ಮುಖ ಮಾಡಿ. ಹಿಂದೆ ಕಿರಿಯ, ಇಂಜಿನ್ನಿನ ಹಿಡಿ ಹಿಡಿದು. ಇಂಜಿನ್ ಒಂದೇ ಎಳೆತಕ್ಕೆ ಓಡಿತು. ಹೊಳೆಯಲ್ಲಿ ದೋಣಿ ಸಲೀಸಾಗಿ ಸಾಗಿತು. ಅಳಿವೆಯ ಮೊದಲ ತೆರೆ ಎದುರಿಗೆ ಎದ್ದಿತು. ಕಿರಿಯ ಇಂಜಿನ್ ಜೋರು ಮಾಡಲು ಕೈ ತಿರುಗಿಸಬೇಕು, ಅಷ್ಟರಲ್ಲಿ ಹಿರಿಯ ಕಿರುಚಿದ.

"ತಿರ್ಗ್ಸ್ ಮಾರಾಯ, ತಿರ್ಗ್ಸ್! ಹಿಂದಿನ್ ಹಲ್ಗಿ ಬಿರ್ಕ್ ಬಿಟ್ಟಿತ್!"

ಅವನು ಹೆದರಿದ್ದು ಕಿರಿಯನ ಜೀವಕ್ಕಲ್ಲ, ತನ್ನ ಜೀವಕ್ಕೆ. ಕಾರಣ ಯಾವುದಾದರೇನು, ದೋಣಿ ತಿರುಗಿ ದಡಕ್ಕೆ ಬಂತು. ಹಿಂದಿನ ಹಲಗೆಯ ಬಣ್ಣ ಕೆರೆದು ನೋಡಿದರು. ಬಿರುಕಿನಲ್ಲಿ ಚೂರಿಯ ಮೊನೆ ಇಳಿಯಿತು. ಕಿರಿಯ ಹಿರಿಯನ ಎರಡೂ ಕೈಗಳನ್ನು ಹಿಡಿದುಕೊಂಡು, ನನ್ನ ಮಕ್ಕಳನ್ನು ಉಳಿಸಿದಿರಿ ಎಂದು ಅತ್ತ. ದಡದ ಜನವೆಲ್ಲ ಹಿರಿಯನನ್ನು ಹೊಗಳಿದರು. ಕಣ್ಣೆಂದರೆ ಇವನ ಕಣ್ಣು ಎಂದರು. ಮಳೆಗಾಲವಿಡೀ ಅವನು ಹಂಬಲಿಸಿದ್ದ ಹೊಗಳಿಕೆ ಅದು. ಹಿರಿಯ ನಗಲು ನೋಡಿದ.

ಕಿರಿಯನ ಹೆಂಡತಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅಲ್ಲಿಯೇ ನಿಂತಿದ್ದಳು. ಅವಳಿಗೆ ಹಿರಿಯನ ಮೇಲೆ ಸಂಶಯವಿರಲಿಲ್ಲ. ತಿಳಿಯದ್ದನ್ನು ಕೇಳಿದಳು, ಅಷ್ಟೆ.

"ನೀವ್ ಕಡ್ಲ್ ಬದಿಗೆ ಮುಖ ಮಾಡಿ ಕೂಕಂಡಿದ್ರಿ ಅಲ್ದಾ ಅಣ್ಣಯ್ಯ? ಬೆನ್ನ್ ಹಿಂದಿನ್ ಬಿರ್ಕ್ ನಿಮ್ಗೆ ಹ್ಯಾಂಗೆ ಕಂಡ್ತ್?"

ಹಿರಿಯನ ಕೈ ಹಿಡಿದಿದ್ದ ಕಿರಿಯನ ಬೆರಳುಗಳು ಒಂದೊಂದಾಗಿ ಸಡಿಲವಾದವು.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

"ಹಿರಿಯ ಏನು ಉತ್ತರ ಕೊಟ್ಟ, ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಅವನ ಉತ್ತರ ಹಾಗಿರಲಿ, ಮಹಾಂತನಲ್ಲಿ ನೀನು ಏನನ್ನು ಕಂಡು ಸುಮ್ಮನಾದೆ?"