ಜೋಡಿ ಕೊಳಗ

“ಗುರುಗಳೇ, ಅನ್ಯಾಯ ಮಾಡಿದವರು ಸತ್ತುಹೋದರು. ಅದನ್ನು ಅನುಭವಿಸಿದವರೂ ಹೆಚ್ಚುಕಡಿಮೆ ಸತ್ತುಹೋದರು. ಆ ಹಳೆಯದನ್ನು ಈಗ ಏಕೆ ಕೆದಕಬೇಕು?”

ಕೇಳಿದ ಶಿಷ್ಯ ಅಂದು ಬೆಳಿಗ್ಗೆಯಷ್ಟೇ ತನ್ನ ಊರಿನಿಂದ ಬಂದಿದ್ದ. ಊರಿನಲ್ಲಿ ಪಂಚಾಯಿತಿ ಸೇರಿತ್ತು. ಹಿಂದಿನದನ್ನು ಮರೆತು ಎಲ್ಲರೂ ಕೈಮುಗಿದು ಏಳಬೇಕು ಎಂದು ತೀರ್ಮಾನವಾಗಿತ್ತು. ಅವನೂ ಕೈಮುಗಿದು ಎದ್ದು ಬಂದಿದ್ದ.

“ಮರೆಯಿರಿ ಎಂದು ಹೇಳಿದವರು ಯಾರು?” ಎಂದು ಗುರುಗಳು ಕೇಳಿದರು.

“ಊರಿನ ದೊಡ್ಡವರು.”

“ಅವರಲ್ಲದೆ ಇನ್ಯಾರು ಹೇಳುತ್ತಾರೆ! ಕುಳಿತುಕೋ. ಒಂದು ಕತೆ ಹೇಳುತ್ತೇನೆ.”

ಒಂದು ಊರಿನಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸಿದ್ದಳು. ಹಳೆಯ ಸಾಮಾನು ಹುಡುಕಿ ತಂದು ಮಾರುವುದು ಅವಳ ಕಸುಬು. ಮೊದಲು ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಕೇರಿ ಕೇರಿ ತಿರುಗುತ್ತಿದ್ದಳು. ಪ್ಲಾಸ್ಟಿಕ್ ಬಕೆಟ್ ಕೊಟ್ಟು ಒಡೆದ ತಪ್ಪಲೆ, ತುಕ್ಕು ಹಿಡಿದ ಕಬ್ಬಿಣ ತರುತ್ತಿದ್ದಳು. ಅದನ್ನು ಗುಜರಿ ಅಂಗಡಿಗೆ ಹಾಕುತ್ತಿದ್ದಳು. ಗುಜರಿಯವನು ತೂಕಕ್ಕೆ ಹಾಕುವ ಮುಂಚೆ ಕೆಲವನ್ನು ಆರಿಸಿ ಪಕ್ಕಕ್ಕೆ ಇಡುತ್ತಿದ್ದ. ಪಟ್ಟಣದಿಂದ ಕಾರಿನಲ್ಲಿ ಬಂದವರು ಅವನ್ನು ಹತ್ತು ಪಟ್ಟು ಬೆಲೆಗೆ ಕೊಂಡು ಹೋಗುತ್ತಿದ್ದರು. ಅವನು ಯಾವುದನ್ನು ಆರಿಸುತ್ತಾನೆ, ಏಕೆ ಆರಿಸುತ್ತಾನೆ ಎಂದು ಚಿಕ್ಕತಾಯಮ್ಮ ಎರಡು ವರ್ಷ ನೋಡಿದಳು. ಆಮೇಲೆ ತಾನೇ ಆರಿಸತೊಡಗಿದಳು.

ಯಾರೂ ಅವಳಿಗೆ ಕಲಿಸಲಿಲ್ಲ. ಮೋಸಹೋಗಿ ಕಲಿತಳು. ಹುಣಿಸೆಹಣ್ಣು, ಉಪ್ಪು ಹಚ್ಚಿ ತಿಪ್ಪೆಯಲ್ಲಿ ಹೂತು ಹಳೆಯದು ಮಾಡಿದ ದೀಪವನ್ನು ಒಮ್ಮೆ ಕೊಂಡಳು. ಎರಡನೆಯ ಸಲ ಕೊಳ್ಳಲಿಲ್ಲ. ಸುಳ್ಳು ಹಳೆಯದು ಎಲ್ಲ ಕಡೆ ಒಂದೇ ಸಮ ಸವೆದಿರುತ್ತದೆ. ನಿಜವಾದ ಹಳೆಯದು ಕೈ ಹಿಡಿದ ಕಡೆ ಮಾತ್ರ ಸವೆದಿರುತ್ತದೆ. ಇಷ್ಟು ತಿಳಿಯಲು ಅವಳಿಗೆ ಆರು ತಿಂಗಳ ಸಂಪಾದನೆ ಹೋಯಿತು.

ಹನ್ನೆರಡು ವರ್ಷದ ಮೇಲೆ ಅವಳು ಬಸ್ ನಿಲ್ದಾಣದ ಹತ್ತಿರ ಒಂದು ಮಳಿಗೆ ಹಿಡಿದಳು. ಕೀಲಿ ಕೊಡುವ ಗೋಡೆ ಗಡಿಯಾರ, ಪಿಂಗಾಣಿ ಭರಣಿ, ಚೆನ್ನೆಮಣೆ, ಕೊಂಬಿನ ಗ್ರಾಮಫೋನು, ಎಲ್ಲವೂ ಅಲ್ಲಿ ಇದ್ದವು. ಹೊತ್ತು ತಿರುಗುವ ಕಷ್ಟ ತಪ್ಪಿತು. ಈ ಮಳಿಗೆಯಲ್ಲೇ ಸಾಯುತ್ತೇನೆ ಎಂದು ಅವಳು ಹೇಳುತ್ತಿದ್ದಳು. ಮಳಿಗೆಯ ಸಾಲು ಊರಿನ ಧಣಿಯ ಮೊಮ್ಮಗನದು.

ಅವಳಿಗೊಂದು ಪದ್ಧತಿ ಇತ್ತು. ಯಾವ ಪಾತ್ರೆಯನ್ನೂ ನೀರು ತುಂಬಿ ನೋಡದೆ ಮಾರುತ್ತಿರಲಿಲ್ಲ. ಸೋರಿದರೆ ಸೋರುತ್ತದೆ ಎಂದು ಹೇಳಿಯೇ ಮಾರುತ್ತಿದ್ದಳು.

ಒಂದು ದಿನ ಧಣಿಯ ಮೊಮ್ಮಗ ಅವಳನ್ನು ಕರೆಸಿದ. ಹಳೆಯ ಮನೆ ಕೆಡವುತ್ತಿದ್ದ. ಅಟ್ಟದ ಸಾಮಾನೆಲ್ಲ ಅಂಗಳದಲ್ಲಿ ಬಿದ್ದಿತ್ತು. ಅದರಲ್ಲಿ ಹಿತ್ತಾಳೆಯ ಎರಡು ಕೊಳಗಗಳಿದ್ದವು. ರಾಗಿ, ಭತ್ತ ಅಳೆಯುವಂಥವು. ಒಂದೇ ಎತ್ತರ, ಒಂದೇ ಬಾಯಿ, ಎರಡರ ಮೇಲೂ ಒಂದೇ ಮುದ್ರೆ.

“ಈ ಜೋಡಿ ತಗೋ ಚಿಕ್ಕತಾಯಿ. ನಮ್ಮ ತಾತ ಇದ್ರಲ್ಲೇ ಊರಿಗೆಲ್ಲ ಅನ್ನ ಅಳೆದು ಕೊಟ್ಟದ್ದು” ಎಂದ.

“ಹೂಂ ಬುದ್ಧಿ, ನಮ್ಮವ್ವನೂ ಇಸ್ಕೊಂಡವಳೇ” ಎಂದಳು ಅವಳು.

ಅವನು ಕೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಟ್ಟಳು. ಪಟ್ಟಣದ ಹೋಟೆಲಿನ ಯಜಮಾನನೊಬ್ಬ ಜೋಡಿ ಕೊಳಗ ಸಿಕ್ಕರೆ ಕೇಳಿದ ಬೆಲೆ ಕೊಡುತ್ತೇನೆ ಎಂದು ವರ್ಷದಿಂದ ಹೇಳಿಟ್ಟಿದ್ದ. ಅವಳು ಸಂತೋಷವಾಗಿ ಮಳಿಗೆಗೆ ತಂದಳು. ಎಂದಿನಂತೆ ನೀರು ತುಂಬಿದಳು.

ಎರಡೂ ಸೋರಲಿಲ್ಲ. ಎರಡನೆಯದನ್ನು ಬರಿದು ಮಾಡಿ ಮೊದಲನೆಯದರ ನೀರನ್ನು ಅದಕ್ಕೆ ಸುರಿದಳು. ಎರಡನೆಯದು ತುಂಬಿ ಹೊರಗೆ ಹರಿಯಿತು. ಮೊದಲನೆಯದರಲ್ಲಿ ಇನ್ನೂ ನೀರು ಉಳಿದಿತ್ತು.

ಅವಳು ಕಡ್ಡಿ ಇಟ್ಟು ಆಳ ನೋಡಿದಳು. ಮೊದಲನೆಯದು ಒಂದು ಗೇಣು ಆಳವಿತ್ತು. ಎರಡನೆಯದು ಗೇಣಿಗೆ ಎರಡು ಬೆರಳು ಕಡಿಮೆ ಇತ್ತು. ಒಳಗೆ ಕೈ ಹಾಕಿ ತಡವಿದಳು. ತಳದ ಮೇಲೆ ಇನ್ನೊಂದು ತಳ ಬೆಸೆದಿತ್ತು. ಹೊರಗಿನಿಂದ ಏನೂ ಕಾಣುವಂತಿರಲಿಲ್ಲ. ಆದರೆ ಹುಸಿ ತಳದ ಕೊಳಗದ ಅಂಚಿನಲ್ಲಿ ಹೆಬ್ಬೆರಳಿಗೆ ಮಾತ್ರ ಸಿಗುವ ಒಂದು ಸಣ್ಣ ಕಚ್ಚು ಇತ್ತು. ಕೈಗೆತ್ತಿಕೊಂಡವನಿಗೆ ಯಾವುದು ಯಾವುದೆಂದು ತಿಳಿಯಬೇಕಲ್ಲ!

ಒಕ್ಕಲಿನವರ ಗೇಣಿ ಧಾನ್ಯ ಒಳಗೆ ಬರುವಾಗ ಒಂದು ಕೊಳಗ. ಕೂಲಿ ಹೊರಗೆ ಹೋಗುವಾಗ ಇನ್ನೊಂದು ಕೊಳಗ.

ಇನ್ನು ಮುಂದಿನದನ್ನು ಸರಿಯಾಗಿ ಕೇಳು. ರಾಗಿ ಕಡಿಮೆಯಾದದ್ದು ಸಣ್ಣ ಸಂಗತಿ.

ಸುಗ್ಗಿಯಲ್ಲಿ ಕೂಲಿಯ ರಾಗಿ ತರಲು ಹೋಗುತ್ತಿದ್ದವರು ಹೆಂಗಸರು. ಕಣದಲ್ಲಿ ಧಣಿಯ ಕಾರಕೂನ “ಲಾಭ, ಎರಡು, ಮೂರು” ಎಂದು ಗಟ್ಟಿಯಾಗಿ ಎಣಿಸಿ ಅಳೆಯುತ್ತಿದ್ದ. ಶುಭವಾಗಲೆಂದು ಒಂದಕ್ಕೆ ಲಾಭ ಎನ್ನುವುದು ಕಣದ ವಾಡಿಕೆ. ಎಣಿಕೆ ತಪ್ಪುತ್ತಿರಲಿಲ್ಲ. ಆ ಸೀಮೆಯಲ್ಲಿ ಕೊಳಗಕ್ಕೆ ಎಂಟು ಸೇರು. ಮನೆಗೆ ತಂದು ಸೇರಿನಲ್ಲಿ ಅಳೆದರೆ ಏಳೂ ತುಂಬುತ್ತಿರಲಿಲ್ಲ. ಗಂಡ ಹೆಂಡತಿಯನ್ನು ಕೇಳುತ್ತಿದ್ದ: “ದಾರಿಯಲ್ಲಿ ಯಾರಿಗೆ ಕೊಟ್ಟೆ? ತವರಿಗೆ ಕಳಿಸಿದೆಯಾ? ಎಲೆಅಡಿಕೆಗೆ ಮಾರಿದೆಯಾ?” ಅವಳು ಇಲ್ಲ ಎನ್ನುತ್ತಿದ್ದಳು. ಏಟು ಬೀಳುತ್ತಿತ್ತು. ಕೊಳಗದ ಮೇಲೆ ಮುದ್ರೆ ಇತ್ತು. ಹೆಂಡತಿಯ ಮೇಲೆ ಇರಲಿಲ್ಲ.

ಆ ಕೇರಿಯಲ್ಲಿ ಮೂವತ್ತು ಮನೆ. ಮೂವತ್ತು ಮನೆಯಲ್ಲೂ ಹೀಗೇ. ಆದರೆ ಪ್ರತಿ ಮನೆಯೂ ತಮ್ಮ ಮನೆಯ ಹೆಂಗಸು ಮಾತ್ರ ಕಳ್ಳಿ ಎಂದುಕೊಂಡಿತು. ಮಾನದ ಪ್ರಶ್ನೆ. ಗಂಡಸರು ಹೊರಗೆ ಆಡಲಿಲ್ಲ. ಹೆಂಗಸರು ಬಾವಿಯ ಹತ್ತಿರವೂ ಆಡಲಿಲ್ಲ. ಇಬ್ಬರು ಬಾಯಿಬಿಟ್ಟು ಮಾತಾಡಿದ್ದರೆ ಒಂದು ಸಂಜೆಯಲ್ಲಿ ಗುಟ್ಟು ರಟ್ಟಾಗುತ್ತಿತ್ತು. ಧಣಿಗೆ ಕಾವಲುಗಾರರು ಬೇಕಾಗಲಿಲ್ಲ. ಕೇರಿಯ ನಾಚಿಕೆಯೇ ಅವನ ಕಣವನ್ನು ಕಾಯಿತು.

ಚಿಕ್ಕತಾಯಮ್ಮನ ತಾಯಿ ಹಾಗೆಯೇ ಕಳ್ಳಿ ಎನಿಸಿಕೊಂಡು ಸತ್ತಿದ್ದಳು. ಮಗಳೂ ಅದನ್ನೇ ನಂಬಿದ್ದಳು. ಹಸಿದ ಮಕ್ಕಳಿದ್ದಾಗಲೂ ತವರಿಗೆ ಕೊಟ್ಟಳಲ್ಲ ಎಂದು ತಾಯಿಯ ಮೇಲೆ ಅವಳಿಗೂ ಸಿಟ್ಟಿತ್ತು.

ಅವಳು ಹೋಟೆಲಿನ ಯಜಮಾನನಿಗೆ ಹೇಳಿಕಳಿಸಲಿಲ್ಲ. ಸಂತೆಯ ದಿನ ಎರಡೂ ಕೊಳಗವನ್ನು ಮಳಿಗೆಯ ಮುಂದೆ ಚಾಪೆ ಹಾಸಿ ಇಟ್ಟಳು. ಪಕ್ಕದಲ್ಲಿ ರಾಗಿ ರಾಶಿ ಹಾಕಿದಳು. ಬಂದವರೆಲ್ಲರ ಎದುರಿಗೆ ಒಂದರಲ್ಲಿ ಅಳೆದು ಇನ್ನೊಂದಕ್ಕೆ ಸುರಿದಳು. ಮಿಕ್ಕದ್ದು ಚಾಪೆಯ ಮೇಲೆ ಚೆಲ್ಲಿತು. ಎಲ್ಲರನ್ನೂ ಕೈ ಹಾಕಿ ನೋಡಿ ಎಂದಳು.

ಕೇರಿಯಿಂದ ಹೊಂಬಾಳಮ್ಮ ಎಂಬ ಮುದುಕಿ ಬಂದಳು. ಆ ಕಣದಲ್ಲಿ ಸೆರಗೊಡ್ಡಿದವರಲ್ಲಿ ಉಳಿದಿದ್ದ ನಾಲ್ಕೈದು ಮಂದಿಯಲ್ಲಿ ಅವಳೂ ಒಬ್ಬಳು. ಹಿಂದೆ ಅವಳ ಗಂಡ ಕೋಲೂರಿಕೊಂಡು ಬಂದ. ಮುದುಕಿ ಎರಡು ಸಲ ಅಳೆಸಿದಳು. ಮೂರನೆಯ ಸಲ ತಾನೇ ಅಳೆದಳು. ಆಮೇಲೆ ಗಂಡನ ಕೈ ಹಿಡಿದೆಳೆದು ಕೊಳಗದೊಳಕ್ಕೆ ಹಾಕಿಸಿದಳು.

“ತಡವಿ ನೋಡಯ್ಯ ಯಜಮಾನ. ತವರಿಗೆ ಕಳಿಸ್ದೆ, ತವರಿಗೆ ಕಳಿಸ್ದೆ ಅಂತಿದ್ದೆಯಲ್ಲ! ಈ ತಳದಡಿ ಐತೆ ನೋಡು ನನ್ ತವರುಮನೆ. ಈಗ್ಲಾದ್ರೂ ಕಂಡ್ತಾ?”

ಸುತ್ತ ನಿಂತಿದ್ದವರು ನಕ್ಕರು. ಮುದುಕ ನಗಲಿಲ್ಲ. ಕೊಳಗದಿಂದ ಕೈ ತೆಗೆಯಲೂ ಇಲ್ಲ. “ನಾನು ಕಾರಕೂನನ್ನ ಒಂದು ಮಾತು ಕೇಳ್ಲಿಲ್ವಲ್ಲೇ” ಎಂದ.

“ಅವನಿಗೆ ಹೊಡೆಯೋಕಾಗ್ತಿರ್ಲಿಲ್ವಲ್ಲ, ಅದ್ಕೇ ಕೇಳ್ಲಿಲ್ಲ” ಎಂದಳು ಮುದುಕಿ.

ಸುದ್ದಿ ಹರಡಿತು. ಮುಂದಿನ ಸಂತೆಗೆ ಇಡೀ ಕೇರಿ ಬಂತು. ಸತ್ತ ತಾಯಂದಿರ ಹೆಸರು ಹೇಳಿ ಮಕ್ಕಳು ಕೊಳಗದೊಳಗೆ ಕೈ ಹಾಕಿದರು. ಗಟ್ಟಿ ಗಂಡಸರು ಅತ್ತರು.

ಮೂರನೆಯ ಸಂತೆಗೆ ಧಣಿಯ ಮೊಮ್ಮಗ ಬಂದ. ಮೊದಲು ಮೆಲ್ಲಗೆ ಮಾತಾಡಿದ. ಕೊಟ್ಟದ್ದರ ನಾಲ್ಕು ಪಟ್ಟು ಕೊಡುತ್ತೇನೆ, ಹಿಂದಕ್ಕೆ ಕೊಡು ಎಂದ. ಅವಳು ಆಗದೆಂದು ತಲೆ ಆಡಿಸಿದಳು.

“ಹೋಗಲಿ, ಒಂದನ್ನು ಮಾತ್ರ ಕೊಡು. ಯಾವುದಾದರೂ ಸರಿ. ಇನ್ನೊಂದು ನೀನೇ ಇಟ್ಟುಕೋ” ಎಂದ.

“ಒಂದೇ ಇದ್ರೆ ಅದು ಪಾತ್ರೆ. ಎರಡೂ ಇದ್ರೆ ಸಾಕ್ಷಿ. ಬಿಡಿಬಿಡಿಯಾಗಿ ಮಾರೋದಿಲ್ಲ ಸ್ವಾಮಿ.”

ಧಣಿಯ ಮನೆಯವರನ್ನು ಬುದ್ಧಿ ಎಂದು ಕರೆಯುವುದನ್ನು ಅವಳು ಅಂದಿನಿಂದಲೇ ಬಿಟ್ಟಳು.

“ಹಳೆಯದನ್ನ ಯಾಕಮ್ಮ ಕೆದಕ್ತೀಯ?”

“ಕೆದಕೋದೇ ನನ್ನ ಕಸುಬಲ್ವಾ? ಹಳೆಯದು ಅಂತ ಹೇಳಿ ತಾನೆ ಈ ಹಿತ್ತಾಳೆಗೆ ನನ್ಹತ್ರ ಹೆಚ್ಚು ದುಡ್ಡು ಇಸ್ಕೊಂಡ್ರಿ! ಸಾಮಾನು ಹಳೆಯದಾದ್ರೆ ಬೆಲೆ ಏರುತ್ತೆ. ನೀವು ಮಾಡಿದ ಮೋಸ ಹಳೆಯದಾದ್ರೆ ಮಾತ್ರ ಬೆಲೆ ಇಳಿದುಬಿಡುತ್ತಾ?”

ಅವನ ಮುಖ ಕೆಂಪಾಯಿತು. “ಮಳಿಗೆ ನಂದು. ತಿಂಗಳೊಳಗೆ ಖಾಲಿ ಮಾಡು” ಎಂದು ಹೇಳಿ ಹೋದ.

ಅವಳು ತಿಂಗಳು ಕಾಯಲಿಲ್ಲ. ನಾಲ್ಕನೆಯ ದಿನ ಬೀಗದ ಕೈಯನ್ನು ಅವನ ಮನೆಯ ಬಾಗಿಲಲ್ಲಿ ಇಟ್ಟು ಬಂದಳು. ತಳ್ಳುಗಾಡಿ ಕೊಂಡಳು. ಗಡಿಯಾರಗಳನ್ನು ಗೋಣಿಯಲ್ಲಿ ಸುತ್ತಿ ಗಾಡಿಗೆ ಏರಿಸಿದಳು. ಗ್ರಾಮಫೋನಿಗೆ ಜಾಗ ಸಾಲಲಿಲ್ಲ. ಬಂದ ಬೆಲೆಗೆ ಮಾರಿದಳು. ಕೊಳಗ ಎರಡನ್ನೂ ಮುಂದೆ ಇಟ್ಟಳು. ಅವಳಿಗೆ ಆಗ ಐವತ್ತೆಂಟು ವರ್ಷ. ಮೊಣಕಾಲು ನೋಯುತ್ತಿತ್ತು. ನೋಯುವ ಕಾಲಿನಲ್ಲೇ ನಡೆದಳು.

ಪಟ್ಟಣದ ಹೋಟೆಲಿನ ಯಜಮಾನ ಅವಳನ್ನು ಹುಡುಕಿಕೊಂಡು ಪಕ್ಕದ ಊರಿನ ಸಂತೆಗೇ ಬಂದ. ಅವನು ಹೇಳಿದ ಬೆಲೆಯಲ್ಲಿ ಸ್ವಂತ ಮಳಿಗೆ ಆಗುತ್ತಿತ್ತು. ಅವಳು ಒಂದೇ ಮಾತು ಕೇಳಿದಳು.

“ಎಲ್ಲಿ ಇಡ್ತೀರಿ?”

“ಬಾಗಿಲ ಹತ್ತಿರ, ಗಾಜಿನ ಕಪಾಟಿನಲ್ಲಿ. ದೀಪ ಹಾಕಿಸ್ತೀನಿ. ಹಿಂದಿನವರ ಸಮೃದ್ಧಿ ಅಂತ ಬರೆಸ್ತೀನಿ.”

“ಬಂದೋರು ಒಳಗೆ ಕೈ ಹಾಕಿ ನೋಡ್ಬಹುದಾ?”

“ಅದೆಲ್ಲ ಆಗಲ್ಲಮ್ಮ. ಊಟಕ್ಕೆ ಬಂದವರಿಗೆ ಅದೆಲ್ಲ ಯಾಕೆ?”

“ಹಂಗಾದ್ರೆ ಪಿಂಗಾಣಿ ಭರಣಿ ತಗೊಂಡು ಹೋಗಿ ಸ್ವಾಮಿ. ಚೆನ್ನಾಗಿದೆ. ಸೋರಲ್ಲ” ಎಂದಳು.

ಅವನು ಭರಣಿ ಕೊಂಡು ಹೋದ.

ಆಮೇಲೆ ಅವಳು ಅಂಥ ಕೊಳಗಗಳನ್ನೇ ಹುಡುಕತೊಡಗಿದಳು. ಕೆಡವುವ ಮನೆ ಎಲ್ಲಿದೆ ಎಂದು ಕೇಳಿ ಹೋದಳು. ಗುಜರಿ ಅಂಗಡಿಗಳ ರಾಶಿ ತಿರುವಿದಳು. ಕೆಲವು ದೊಡ್ಡ ಮನೆಯವರು ಸುದ್ದಿ ಕೇಳಿ ತಮ್ಮ ಕೊಳಗವನ್ನು ರಾತ್ರೋರಾತ್ರಿ ಕರಗಿಸಿದರು. ಆದರೂ ಐದು ವರ್ಷದಲ್ಲಿ ಇನ್ನೂ ನಾಲ್ಕು ಜೋಡಿ ಸಿಕ್ಕವು. ನಾಲ್ಕು ಬೇರೆ ಬೇರೆ ಊರಿನವು. ಒಬ್ಬರಿಗೊಬ್ಬರು ಗುರುತಿಲ್ಲದ ಧಣಿಗಳು, ಆದರೆ ತಳದ ಕೆಲಸ ಒಂದೇ ತರಹ. ಗಡಿಯಾರ, ಭರಣಿ ಮಾರಿ ಹೊಟ್ಟೆ ಹೊರೆದಳು. ಕೊಳಗಗಳನ್ನು ಮಾರಲಿಲ್ಲ. ಯಾವ ಊರಿನ ಜೋಡಿಯೋ ಆ ಊರಿನ ಸಂತೆಯಲ್ಲಿ ಇಟ್ಟು ರಾಗಿ ಅಳೆದಳು. ಪ್ರತಿ ಊರಿನಲ್ಲೂ ಒಬ್ಬಳಾದರೂ ಮುದುಕಿ ಎದ್ದು ಬಂದು ತನ್ನ ಗಂಡನ ಕೈ ಹಿಡಿದು ಎಳೆದಳು.

ಕೊನೆಗೆ ಒಂದು ದಿನ ಧಣಿಯ ಮೊಮ್ಮಗ ತುಂಬಿದ ಸಂತೆಯಲ್ಲಿ ಅವಳ ಗಾಡಿಯ ಮುಂದೆ ನಿಂತು ಕೂಗಿದ: “ನನ್ನ ಮುಖಕ್ಕೆ ಯಾಕೆ ಮಸಿ ಬಳಿಯುತ್ತೀಯ? ನಾನು ಅಳೆದೆನಾ? ನಾನು ಹುಟ್ಟೇ ಇರಲಿಲ್ಲ!”

ಚಿಕ್ಕತಾಯಮ್ಮ ಕೊಳಗಕ್ಕೆ ರಾಗಿ ತುಂಬಿ, “ಲಾಭ” ಎಂದು ಎಣಿಕೆ ಶುರುಮಾಡಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, “ಅವನು ಕೇಳಿದ್ದರಲ್ಲೂ ನ್ಯಾಯವಿದೆಯಲ್ಲ, ಗುರುಗಳೇ? ಅಳೆದವನು ಅವನಲ್ಲ. ಅಂದಿನ ರಾಗಿಯನ್ನು ಅವನು ತಿಂದೂ ಇಲ್ಲ” ಎಂದ.

“ತಿಂದಿಲ್ಲ, ಆದರೆ ಆ ರಾಗಿ ಮಾರಿ ಅವನ ತಾತ ಕೊಂಡ ಹೊಲದಲ್ಲಿ ಅವನು ಈ ವರ್ಷದ ಬೆಳೆ ಕೊಯ್ಯುತ್ತಿದ್ದಾನೆ” ಎಂದರು ಗುರುಗಳು.