ಎಳೆದು ನೋಡದ ತೊಟ್ಟಿಲು

ಒಂದು ಕಾಡಿನಲ್ಲಿ, ಹಳ್ಳದ ದಂಡೆಯ ಈಚಲು ಮರದ ಮೇಲೆ, ಒಬ್ಬ ಗೀಜಗ ಹಕ್ಕಿಯ ಅಜ್ಜ ಇದ್ದ. ಹುಲ್ಲಿನ ಎಳೆ ಸಿಕ್ಕರೆ ಸಾಕು, ಅವನ ಕೊಕ್ಕು ಸುಮ್ಮನಿರುತ್ತಿರಲಿಲ್ಲ. ಒಂದು ವರ್ಷ ಅಳಿಲಿಗೆ ಕಾಯಿ ತುಂಬುವ ಚೀಲ ನೇಯ್ದ. ಇನ್ನೊಂದು ವರ್ಷ ಮುಳ್ಳುಹಂದಿಗೆ ಮಳೆಗೆ ಹೊದೆಯುವ ಕೊಪ್ಪೆ ನೇಯ್ದ. ಅಷ್ಟು ಮುಳ್ಳಿನ ಮೇಲೆ ಕೂತೂ ಅದು ಹರಿಯಲಿಲ್ಲ ಅಂದರೆ ಅಜ್ಜನ ನೇಯ್ಗೆ ಎಂಥದ್ದು ನೋಡಿ!

ಪ್ರತಿ ವರ್ಷ ಮಳೆಗೆ ಮುಂಚೆ ಅಜ್ಜ ತಾನು ಹೊಸದಾಗಿ ನೇಯ್ದದ್ದನ್ನು ಎಲ್ಲರಿಗೂ ತೋರಿಸುತ್ತಿದ್ದ. ಆ ದಿನ ಇಡೀ ಕಾಡು ದಂಡೆಗೆ ಬಂದು ಕೂರುತ್ತಿತ್ತು. ಅಜ್ಜನಿಗೆ ಚೆಂದವಾಗಿ ಮಾತಾಡಲು ಬರುತ್ತಿರಲಿಲ್ಲ. ಹೇಳಬೇಕಾದದ್ದನ್ನು ಮರೆಯುತ್ತಿದ್ದ, ಮರೆತೆನಲ್ಲ ಎಂದು ತಾನೇ ನಗುತ್ತಿದ್ದ. ಕೊನೆಗೆ, "ನನ್ನ ಮಾತು ಬಿಡಿ, ಬಂದು ಎಳೆದು ನೋಡಿ" ಎನ್ನುತ್ತಿದ್ದ. ಬೇಕಾದವರು ಬಂದು ಎಳೆಯಬಹುದು, ಜಗ್ಗಬಹುದು, ಹತ್ತಿ ಕುಣಿಯಬಹುದು. ಅದೇ ಅಲ್ಲಿನ ಪದ್ಧತಿ.

ಒಮ್ಮೆ ಅಜ್ಜನ ಉಯ್ಯಾಲೆ ಎಲ್ಲರೆದುರೇ ಹರಿದು, ಅದರಲ್ಲಿ ಕೂತ ಕೋತಿ ಕೆಸರಿಗೆ ಬಿತ್ತು. ಕಾಡೆಲ್ಲ ಬಿದ್ದು ಬಿದ್ದು ನಕ್ಕಿತು. ಅಜ್ಜ ಪಟ್ಟನೆ ಹಾರಿ ಬಂದು, "ಮೊದಲು ಹೋದದ್ದು ಯಾವ ಎಳೆ? ಯಾರು ನೋಡಿದಿರಿ?" ಎಂದು ಕೇಳಿದ. "ಎಡಗಡೆಯ ಮೂರನೆಯದು" ಎಂದಿತು ಅಳಿಲು. ಅಲ್ಲೇ, ಎಲ್ಲರ ಕಣ್ಣೆದುರೇ, ಅಜ್ಜ ಮತ್ತೆ ನೇಯ್ದ. ಆ ಉಯ್ಯಾಲೆಯಲ್ಲಿ ಈಗ ಆ ಕೋತಿಯ ಮೊಮ್ಮಕ್ಕಳು ಆಡುತ್ತವೆ. ಇಂಥ ಅಜ್ಜನನ್ನು ಯಾರು ತಾನೇ ಮೆಚ್ಚುವುದಿಲ್ಲ? ನನಗಂತೂ ಅವನ ತಡವರಿಕೆಯೇ ಇಷ್ಟ.

ಈ ವರ್ಷ ಅಜ್ಜ ದೊಡ್ಡ ಕೆಲಸಕ್ಕೆ ಕೈ ಹಾಕಿದ್ದ. ಅದಕ್ಕೆ ಕಾರಣ ಮೊಲದಮ್ಮ. ಅವಳ ಬಿಲ ಹಳ್ಳದ ತಗ್ಗಿನ ದಂಡೆಯಲ್ಲಿತ್ತು. ಹೋದ ಮಳೆಗಾಲದಲ್ಲಿ ನೀರು ಬಿಲಕ್ಕೆ ನುಗ್ಗಿ ಅವಳ ಒಂದು ಮರಿಯನ್ನು ಕೊಚ್ಚಿಕೊಂಡು ಹೋಗಿತ್ತು. ಈಗ ಮತ್ತೆ ಮೂರು ಮರಿಗಳಿದ್ದವು. ಮಳೆ ಶುರುವಾಗುವ ಮುಂಚೆ ಅವನ್ನು ಆಚೆಯ ಎತ್ತರದ ದಂಡೆಗೆ ದಾಟಿಸಬೇಕಿತ್ತು. ಅದಕ್ಕೇ ಅಜ್ಜ ಒಂದು ತೊಟ್ಟಿಲು ನೇಯುತ್ತಿದ್ದ. ಹಳ್ಳದ ಮೇಲೆ ಕಟ್ಟಿದ ಬಳ್ಳಿಗೆ ಅದನ್ನು ತೂಗುಬಿಟ್ಟು, ಆಚೆಯಿಂದ ಕೋತಿಗಳು ಎಳೆದರೆ ಆಯಿತು.

ಈ ಸುದ್ದಿ ನರಿಯ ಕಿವಿಗೆ ಬಿತ್ತು. ಆ ನರಿ ಊರಂಚಿನ ಪೊದೆಯಲ್ಲಿ ಅಡಗಿ ನಾಟಕ ನೋಡಿ ಬಂದಿತ್ತು. ಅಂದಿನಿಂದ ತಾನೂ ಎಲ್ಲರ ಮುಂದೆ ನಿಂತು ಮೆರೆಯಬೇಕು ಎಂಬ ಆಸೆ ಅದಕ್ಕೆ. ನೇಯಲು ಮಾತ್ರ ಒಂದು ಗಂಟು ಹಾಕಲೂ ಬಾರದು.

"ಅಜ್ಜ, ತಪ್ಪು ತಿಳಿಯಬೇಡಿ" ಎಂದಿತು ನರಿ. "ಹೋದ ವರ್ಷ ನೀವು ತಡವರಿಸಿದಾಗ ಎಲ್ಲರೂ ನಕ್ಕರಲ್ಲ, ನನಗೆ ಕರುಳು ಚುರುಕ್ ಅಂದಿತು. ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಬೇಕೆ? ತೋರಿಸುವ ಕೆಲಸ ನನಗೆ ಬಿಡಿ."

ಅಜ್ಜ ಪೆಚ್ಚಾದ. ಖುಷಿಗೆ ನಗುತ್ತಾರೆ ಎಂದುಕೊಂಡಿದ್ದೆನಲ್ಲ, ಗೇಲಿಗೆ ನಕ್ಕರೇ? ಪಾಪ, ಅವನ ಮನಸ್ಸು ನೊಂದಿತು.

"ಆಗಲಪ್ಪ. ಆದರೆ ತೊಟ್ಟಿಲಿಗೆ ಇನ್ನೂ ಭಾರ ಹಾಕಿ ನೋಡಿಲ್ಲ" ಎಂದ.

"ಅದಕ್ಕೇನಂತೆ? ಒಂದು ಒಣ ಸೋರೆಬುರುಡೆಗೆ ಎರಡು ಕಿವಿ ಅಂಟಿಸಿ ಕೂರಿಸೋಣ. ದೂರದಿಂದ ಮೊಲದ ಹಾಗೇ ಕಾಣುತ್ತದೆ. ಹರಿಯುವ ಮಾತೇ ಇಲ್ಲ!"

ಆಮೇಲೆ ಒಂದು ತಿಂಗಳು ತಾಲೀಮೇ ತಾಲೀಮು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುವ ಗೊರವಂಕಕ್ಕೆ ನರಿ ಭಾಷಣ ಬಾಯಿಪಾಠ ಮಾಡಿಸಿತು. ಭಾಷಣದ ಎಲ್ಲೆಲ್ಲಿ ಚಪ್ಪಾಳೆ ತಟ್ಟಬೇಕು ಎಂದು ಈಚೆ ದಂಡೆಯ ಕೋತಿಗಳಿಗೆ ಕಲಿಸಿತು. ಮುತ್ತುಗದ ಎಲೆಗಳ ಪರದೆ ಕಟ್ಟಿ, ಅಜ್ಜನನ್ನು ಅದರ ಹಿಂದೆ ಕೂರಿಸಿತು.

ಆ ದಿನ ಬಂತು. ನರಿ ಬಂಡೆಯ ಮೇಲೆ ನಿಂತು ಬಾಲ ಬೀಸಿತು. ಗೊರವಂಕ ಶುರುಮಾಡಿತು: "ಇಗೋ, ಕಾಡು ಕಂಡರಿಯದ ತೊಟ್ಟಿಲು! ಆನೆಮರಿ ಕೂತರೂ ಹರಿಯದು! ಅಗೋ, ಹೊರಟಿತು! ಅಗೋ, ದಡ ಮುಟ್ಟಿತು! ನೋಡಿದಿರಾ, ಹನಿ ನೀರೂ ಸೋಕಲಿಲ್ಲ!" ಸೋರೆಬುರುಡೆ ಸುಖವಾಗಿ ಆಚೆ ತಲುಪಿತು. ಕೋತಿಗಳು ಚಪ್ಪಾಳೆ ತಟ್ಟಿದವು. ಒಂದು ತಪ್ಪಿಲ್ಲ, ಒಂದು ತೊದಲಿಲ್ಲ. ಯಾಕೋ ಯಾರಿಗೂ ನಗು ಬರಲಿಲ್ಲ. ಅಳಿಲು ಎರಡು ಸಲ ಆಕಳಿಸಿತು.

ತೊಟ್ಟಿಲು ಈಚೆಗೆ ಬಂದಾಗ ಮೊಲದಮ್ಮ ಎದ್ದು ನಿಂತಳು. "ನರಿಯಣ್ಣ, ಒಂದು ಸಲ ಎಳೆದು ನೋಡಲಾ?"

"ಎಳೆಯುವುದೆಲ್ಲ ಹಳೇ ಕಾಲದ್ದು ಕಣಮ್ಮ. ಈಗ ನೋಡುವುದಷ್ಟೇ."

"ನೋಡಿದೆ. ಆದರೆ ಬರೀ ನೋಡಿ ಮರಿ ಕೂರಿಸುವ ಧೈರ್ಯ ನನಗಿಲ್ಲ. ಹೋದ ವರ್ಷ ಒಂದನ್ನು ಕಳಕೊಂಡಿದ್ದೇನೆ."

ಆಗ ಆನೆಯಮ್ಮ ಸೊಂಡಿಲೆತ್ತಿದಳು. "ಆನೆಮರಿಯೇ ಕೂರಬಹುದು ಅಂದಮೇಲೆ ನರಿ ಯಾವ ಲೆಕ್ಕ? ನೀನೇ ಕೂತು ತೋರಿಸಪ್ಪ."

ಪರದೆಯ ಹಿಂದಿನಿಂದ ಅಜ್ಜ, "ಬೇಡ, ತಾಳು!" ಎಂದು ಕೂಗಿದ. ಆನೆಮರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಕೋತಿಗಳು ತಟ್ಟಿದ ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ಕಂಡು ನರಿ ಉಬ್ಬಿಹೋಯಿತು. "ಗೊರವಂಕ, ಮತ್ತೆ ಮೊದಲಿನಿಂದ ಹೇಳು!" ಎಂದು ಠೀವಿಯಿಂದ ಹತ್ತಿ ಕೂತಿತು.

"ಅಗೋ, ಹೊರಟಿತು!" ಎಂದಿತು ಗೊರವಂಕ. ನಡುಹಳ್ಳದಲ್ಲಿ ತೊಟ್ಟಿಲಿನ ತಳ ಚರ್ರನೆ ಹರಿಯಿತು. ನರಿ ದುಡುಮ್ಮನೆ ನೀರಿಗೆ ಬಿತ್ತು. ಕಲಿತದ್ದನ್ನು ಗೊರವಂಕ ಬಿಟ್ಟೀತೆ? "ಅಗೋ, ದಡ ಮುಟ್ಟಿತು! ನೋಡಿದಿರಾ, ಹನಿ ನೀರೂ ಸೋಕಲಿಲ್ಲ!" ಎಂದಿತು. ಕೋತಿಗಳು ಸರಿಯಾಗಿ ಅದೇ ಹೊತ್ತಿಗೆ ಚಪ್ಪಾಳೆ ತಟ್ಟಿದವು.

ಹೊರಗೆ ಥಳಕು, ಒಳಗೆ ಹುಳುಕು ಅಂದರೆ ಇದೇ. ಕೆಮ್ಮುತ್ತಾ ಕೆಸರು ಬಳಿದುಕೊಂಡು ದಡ ಹತ್ತಿದ ನರಿ, ಯಾರ ಮುಖವನ್ನೂ ನೋಡದೆ ಪೊದೆ ಸೇರಿತು. ಮತ್ತೆಂದೂ ಅದು ಬಂಡೆ ಹತ್ತಲಿಲ್ಲ.

ಅಜ್ಜ ಪರದೆ ಹರಿದುಕೊಂಡು ಹೊರಗೆ ಬಂದ. "ತಪ್ಪು ನನ್ನದೇ ಕಣಮ್ಮಾ, ಭಾರ ಹಾಕಿ ನೋಡಬೇಕಿತ್ತು. ನಗುತ್ತೀರಿ ಅಂತ ಹೆದರಿಬಿಟ್ಟೆ. ಮೊದಲು ಹೋದದ್ದು... ಹೋದದ್ದು... ಅಯ್ಯೋ, ಏನು ಕೇಳಬೇಕು ಅಂತಿದ್ದೆ?"

"ಯಾವ ಎಳೆ ಅಂತ!" ಎಂದು ಕಾಡೆಲ್ಲ ಒಟ್ಟಿಗೆ ಕೂಗಿ ನಕ್ಕಿತು. ಆ ನಗು ಎಷ್ಟು ಅಕ್ಕರೆಯದು ಎಂದು ಅಜ್ಜನಿಗೆ ಆಗ ತಿಳಿಯಿತು. ಅವನ ಕಣ್ಣು ತುಂಬಿ ಬಂತು.

"ತಳದ ನಡುವಿನ ಅಡ್ಡ ಎಳೆ" ಎಂದಳು ಮೊಲದಮ್ಮ. ಮರಿ ಕೂರುವ ಜಾಗವನ್ನು ಅವಳಲ್ಲದೆ ಯಾರು ಅಷ್ಟು ಕಣ್ಣಿಟ್ಟು ನೋಡಿಯಾರು?

ತೊಟ್ಟಿಲನ್ನು ಈಚೆಗೆ ಎಳೆಸಿ, ಅಜ್ಜ ಅಲ್ಲೇ ಕೂತು ತಳಕ್ಕೆ ಈಚಲ ನಾರು ಸೇರಿಸಿ ನೇಯ್ದ. ಅಳಿಲು ಜಗ್ಗಿತು, ಎರಡು ಕೋತಿ ಹತ್ತಿ ಕುಣಿದವು. ಮೊಲದಮ್ಮ ಮೂರು ಸಲ ಎಳೆದಳು, ಒಮ್ಮೆ ಹಲ್ಲಿನಿಂದ ಕಚ್ಚಿಯೂ ನೋಡಿದಳು. ಆಮೇಲೆ ಮೂರೂ ಮರಿಗಳನ್ನು ಅವಚಿಕೊಂಡು ಹತ್ತಿ ಕೂತಳು.

ಗೊರವಂಕ ಬಾಯಿ ಬಿಡಲಿಲ್ಲ. ಬಳ್ಳಿ ಕಿರುಗುಟ್ಟುವುದು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಆಚೆ ದಡದಿಂದ ಮೊಲದಮ್ಮನ ದನಿ ಬಂತು:

"ಅಜ್ಜಾ, ಹನಿ ನೀರೂ ಸೋಕಲಿಲ್ಲ!"

ಈ ಸಲ ಚಪ್ಪಾಳೆ ತಟ್ಟಿ ಎಂದು ಕೋತಿಗಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ನೀತಿ: ತಪ್ಪೇ ಕಾಣದ ಹಾಗೆ ತೋರಿಸುವವನಿಗಿಂತ, ಎಲ್ಲರೆದುರು ತಪ್ಪಿ ಎಲ್ಲರೆದುರೇ ತಿದ್ದಿಕೊಳ್ಳುವವನು ನಂಬಿಕೆಗೆ ಯೋಗ್ಯ.