ಕುಂಕುಮ ಹಚ್ಚಿದ ಮಸೂರ

ಹೊಳಲಕೋಟೆಯ ಬೀದಿಬೀದಿಯಲ್ಲಿ ಡಂಗುರ ಬಿತ್ತು: ‘ಅರಮನೆಯ ಯಂತ್ರಶಾಲೆಯ ಕೊನೆಯ ಮುದುಕ ಮೂರು ಒಗಟು ಬಿಟ್ಟು ತೀರಿಕೊಂಡಿದ್ದಾನೆ. ಪಾಠಶಾಲೆಯ ಮೇಲಿನ ತರಗತಿಯವರು ಬಂದು ಬಿಡಿಸತಕ್ಕದ್ದು. ಬಿಡಿಸಿದವರಿಗೆ ಯಂತ್ರಶಾಲೆಯ ಯಜಮಾನಿಕೆ. ತಪ್ಪಿದವರಿಗೆ ತಲೆದಂಡ.’

ಪಾಠಶಾಲೆಯ ಕಸ ಗುಡಿಸುವ ಸಣ್ಣೀರಿ ಪೊರಕೆ ಕೆಳಗಿಟ್ಟು ಕೇಳಿದಳು. ಅಲ್ಲಿನ ಉಪಕರಣಗಳು ಒಡೆದಾವೆಂದು ಬೀರುವಿನಲ್ಲಿ ಬೀಗದೊಳಗಿದ್ದವು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಬಂದು, ಕುಂಕುಮ ಹಚ್ಚಿಸಿಕೊಂಡು, ದೂರ ಕೂತ ಮಕ್ಕಳಿಂದ ಚಿತ್ರ ಬರೆಸಿಕೊಂಡು ಒಳಹೋಗುತ್ತಿದ್ದವು. ಕುಂಕುಮ ತೊಳೆಯುವ ಕೆಲಸ ಸಣ್ಣೀರಿಯದು. ಅವನ್ನು ಮುಟ್ಟಿದವಳು ಅವಳೊಬ್ಬಳೇ. ವರ್ಷಕ್ಕೊಂದು ದಿನ ಅವಳಿಗೆ ಸಾಲುತ್ತಿರಲಿಲ್ಲ.

ದೊರೆ ಮುದುಕನ ಉತ್ತರದ ಓಲೆ ಹಿಡಿದು ಸಭೆಯಲ್ಲಿ ಕೂತ. “ಮುಟ್ಟಿದರೆ ತಣ್ಣಗೆ, ಬಿಸಿಲಿಗೆ ಹಿಡಿದರೆ ಕೆಳಗಿನ ಹುಲ್ಲು ಸುಡುತ್ತದೆ. ಏನದು?”

ಮಂತ್ರಿಯ ಮಗ ಜಯವಂತನಿಗೆ ಮಸೂರ ನೆನಪಾಯಿತು. ಆದರೆ ಅವನ ಪುಸ್ತಕದ ಮಸೂರಕ್ಕೆ ನಡುವೆ ಕೆಂಪು ಬೊಟ್ಟಿತ್ತು. ದೊರೆ ಬೊಟ್ಟಿನ ಮಾತೇ ಎತ್ತಿರಲಿಲ್ಲ. ಜಯವಂತ ಸುಣ್ಣದ ಕಲ್ಲು ಎಂದ. ತಲೆ ಹೋಯಿತು.

ಸೇನಾಪತಿಯ ಮಗ ಮಸೂರವೆಂದು ಹೇಳಿ ಎರಡನೆಯದಕ್ಕೆ ಬಂದ. “ಎತ್ತ ತಿರುಗಿಸಿದರೂ ತನ್ನ ದಿಕ್ಕಿಗೇ ಮುಖ ಮಾಡುತ್ತದೆ. ಏನದು?” ಅವನು ಬರೆದ ದಿಕ್ಸೂಚಿಯ ಮುಳ್ಳು ಪುಸ್ತಕ ತಿರುಗಿಸಿದತ್ತ ತಿರುಗುತ್ತಿತ್ತು. ತವರು ಬಿಟ್ಟು ಬಂದ ಹೊಸ ಸೊಸೆ ಎಂದ. ಸಭೆ ನಕ್ಕಿತು. ಆ ತಲೆಯೂ ಹೋಯಿತು. ಎರಡೂ ಬಳಸದೆ ಇಟ್ಟ ತಲೆಗಳು, ಹೊಸದರ ಹಾಗೇ ಇದ್ದವು ಎಂದು ಊರವರು ಮರುಗಿದರು.

ಮತ್ತೆ ಯಾರೂ ಏಳಲಿಲ್ಲ. ಬಾಗಿಲ ಬಳಿಯಿಂದ ಸಣ್ಣೀರಿ ಮುಂದೆ ಬಂದಳು. ಇವಳು ಓದಿದವಳಲ್ಲ ಎಂದು ಉಪಾಧ್ಯಾಯರು ಗೊಣಗಿದರು.

“ತೊಳೆದೋಳು, ಅಯ್ನೋರೆ,” ಎಂದಳು. “ಮೊದಲನೇದು ಮಸೂರ ಬುದ್ಧೀ. ಬಿಸಿಲಲ್ಲಿ ಒಣಗಿಸುವಾಗ ನನ್ನ ಸೆರಗು ಸುಟ್ಟಿತ್ತು. ಎರಡನೇದು ದಿಕ್ಸೂಚಿ. ಹೆಂಗೆ ಒರೆಸಿದರೂ ಅದರ ಮುಳ್ಳು ಬಡಗಲಿಗೇ.”

ದೊರೆ ಮೂರನೆಯದನ್ನು ಓದಿದ. “ಕಾಪಾಡಿದಷ್ಟೂ ಕೆಡುತ್ತದೆ. ಏನದು?”

ಸಣ್ಣೀರಿ ಸಾಲಾಗಿ ಕೈಕಟ್ಟಿ ಕೂತ ಮಕ್ಕಳನ್ನು ನೋಡಿದಳು. ಒಂದು ಕೈಮೇಲೂ ಗಾಯದ ಗುರುತಿರಲಿಲ್ಲ.

“ಮಕ್ಕಳ ಕೈ ಬುದ್ಧೀ. ಸುಟ್ಟೀತು, ಕುಯ್ದೀತು ಅಂತ ಏನನ್ನೂ ಮುಟ್ಟಿಸಲಿಲ್ಲ. ಈಗ ಅವಕ್ಕೆ ಏನೂ ಮಾಡಕ್ಕೆ ಬರಲ್ಲ. ಆ ಬೀಗ ತೆಗೆಸಿ. ಇನ್ನೂ ಮೂವತ್ತು ಜನ ಉಳಿದವ್ರೆ.”

ದೊರೆ ಓಲೆ ನೋಡಿ ಕಣ್ಣೊರೆಸಿಕೊಂಡ. ಯಜಮಾನಿಕೆ ಕೊಟ್ಟ. ಮೂರೂ ಉತ್ತರಗಳನ್ನು ಗೋಡೆಗೆ ಬರೆಸಿ, ಮಕ್ಕಳಿಗೆ ಬಾಯಿಪಾಠ ಮಾಡಿಸಲು ಅಪ್ಪಣೆಯಾಯಿತು. ಇಂಥ ಅಮೂಲ್ಯ ವಸ್ತುಗಳೆಂದು ತಿಳಿದ ಮೇಲೆ ಬೀರುವಿಗೆ ಇನ್ನೊಂದು ಬೀಗ ಬಿತ್ತು. ಯಜಮಾನಿಯ ಕೈ ಇನ್ನು ನೀರು ಮುಟ್ಟಬಾರದೆಂದೂ ಆಯಿತು.

ಆ ವರ್ಷದ ಆಯುಧಪೂಜೆಯಲ್ಲಿ ಸಣ್ಣೀರಿಯನ್ನು ಪೀಠದ ಮೇಲೆ ಕೂರಿಸಿ, ಅವಳ ಎರಡೂ ಅಂಗೈಗೆ ಕುಂಕುಮ ಹಚ್ಚಿದರು. ಮಕ್ಕಳು ದೂರ ಕೂತು ಚಿತ್ರ ಬರೆದುಕೊಂಡರು.